ಹಳ್ಳವನ್ನು ನೋಡಲು ಕಲಿಸಿದ ಕುಸುಮ ಬಾಯಾರು

ನಮ್ಮ ಗಡಿಭಾಗದ ಪ್ರೌಢಶಾಲೆಗಳಲ್ಲಿ ಭೂಗೋಳವೆಂಬ ವಿಷಯ ಬಹುಕಾಲ ಗೋಡೆಯ ಮೇಲೆಯೇ ವಾಸವಾಗಿತ್ತು. ತೂಗುಹಾಕಿದ ನಕಾಶೆಯಲ್ಲಿ ಕೋಲಿನ ತುದಿಯಿಂದ ನದಿಯನ್ನು ತೋರಿಸುವುದು, ಪರ್ವತಗಳ ಹೆಸರನ್ನು ಬಾಯಿಪಾಠ ಮಾಡಿಸುವುದು, ಪರೀಕ್ಷೆ ಮುಗಿದೊಡನೆ ನಕಾಶೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲೆ ಎಸೆಯುವುದು, ಇಷ್ಟರಲ್ಲಿ ನೆಲದ ವಿದ್ಯೆ ಮುಗಿದುಹೋಗುತ್ತಿತ್ತು. ಆ ವಿಷಯವನ್ನು ಗೋಡೆಯಿಂದ ಅಂಗಳಕ್ಕೆ ಇಳಿಸಿ, ಅಂಗಳದಿಂದ ಹೊಲಕ್ಕೆ ಒಯ್ದು, ಕಲ್ಲುಗುಡ್ಡದ ಊರಿನಲ್ಲಿ ಆಡು ಏಕೆ ಹೆಚ್ಚು, ಹೊಳೆಸಾಲಿನ ಊರಿನಲ್ಲಿ ಎಮ್ಮೆ ಏಕೆ ಹೆಚ್ಚು, ಒಂದೇ ಊರಿನ ಒಂದು ಹೊಲದಲ್ಲಿ ಶೇಂಗಾ ಬಂದು ಇನ್ನೊಂದರಲ್ಲಿ ಏಕೆ ಬರುವುದಿಲ್ಲ ಎಂಬುದನ್ನು ಮಕ್ಕಳ ಬಾಯಿಂದಲೇ ಹೇಳಿಸಿದ ಹಿರಿಮೆ ಶ್ರೀಮತಿ ಕುಸುಮ ಭರಮು ಕಾಂಬಳೆಯವರದು. ಕಳೆದ ಮೇ ತಿಂಗಳ ಕೊನೆಗೆ ಅವರು ಸೇವೆಯಿಂದ ನಿವೃತ್ತರಾದರು. ಅವರ ಪಕ್ಕದ ತರಗತಿಯಲ್ಲಿ ಕನ್ನಡ ಹೇಳುತ್ತ, ಅವರ ಮಕ್ಕಳ ಗದ್ದಲಕ್ಕೆ ಆಗಾಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದ ನಮಗೆ ಈ ಲೇಖನ ಬರೆಯುವ ಭಾಗ್ಯ ಒದಗಿದೆ.

ಶಾಲೆಯ ಗುರುಮಾತೆಯರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಊರಿಗೊಬ್ಬರಾದರೂ ಬಾಯಾರು ಇದ್ದೇ ಇರುತ್ತಾರೆ. ಆದರೆ ಕಾಗವಾಡದಿಂದ ಶಿರಗುಪ್ಪಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಹೆಸರು ಹಿಡಿಯದೆ ಬರೀ 'ಬಾಯಾರು' ಎಂದರೆ ಅದು ಕುಸುಮ ಅವರೇ ಎಂದು ಕಂಡಕ್ಟರಿಗೂ ಗೊತ್ತು. ಗೊತ್ತಿರಲೇಬೇಕು, ಏಕೆಂದರೆ ಆ ಕಂಡಕ್ಟರು ಬಹಳ ವರ್ಷ ಅವರ ಯಜಮಾನರಾದ ಭರಮು ಅವರೇ ಆಗಿದ್ದರು. ಹೆಂಡತಿಗೂ ಟಿಕೇಟು ಹರಿದೇ ಕೊಡುತ್ತಿದ್ದ ನಿಷ್ಠಾವಂತರು.

ಬಾಯಾರು ಹುಟ್ಟಿದ್ದು ರಾಯಬಾಗದ ಮೇಲಿನ ಮರಡಿ ನೆಲದ ಒಂದು ಸಣ್ಣ ಊರಿನಲ್ಲಿ, ಕೂಲಿ ಮಾಡಿ ಬದುಕುತ್ತಿದ್ದ ಬಾಳು ಮತ್ತು ಜನಾಬಾಯಿ ದಂಪತಿಗಳ ಹಿರಿಯ ಮಗಳಾಗಿ. ಕಲ್ಲು ಹೆಚ್ಚು, ಮಣ್ಣು ಕಡಿಮೆ, ನೀರಂತೂ ಹೇಳುವ ಹಾಗಿಲ್ಲ ಎಂಬಂಥ ಸೀಮೆ ಅದು. ಮಳೆ ಬಂದರೆ ಹಳ್ಳ ಅಬ್ಬರಿಸಿ ಬರುತ್ತಿತ್ತು, ಜನ ದಂಡೆಯಿಂದ ದೂರ ಸರಿದು ನಿಲ್ಲುತ್ತಿದ್ದರು, ಹೊತ್ತು ಇಳಿಯುವುದರೊಳಗೆ ನೀರು ಬಂದ ದಾರಿಯಲ್ಲೇ ಹರಿದು ಹೋಗಿ ಮಕ್ಕಳು ಮತ್ತೆ ಮರಳಿನಲ್ಲಿ ಆಡುತ್ತಿದ್ದರು. ನೀರೆಂದರೆ ಮೇಲಿನಿಂದ ಬರುವುದು, ಕೆಳಕ್ಕೆ ಹೋಗುವುದು, ದೂರ ನಿಂತವನಿಗೆ ಭಯವಿಲ್ಲ ಎಂಬ ತಿಳಿವಳಿಕೆ ಬಾಲ್ಯದಲ್ಲೇ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ತಮ್ಮ ಊರಿನ ಮಟ್ಟಿಗೆ ಆ ತಿಳಿವಳಿಕೆ ಸರಿಯೇ ಆಗಿತ್ತು. ಮುಂದೆ ಅದೇ ಅವರಿಗೆ ಮುಳುವಾಯಿತು ಎಂಬುದನ್ನು ಈ ಅಭಿನಂದನ ಗ್ರಂಥದಲ್ಲಿ ಮುಚ್ಚಿಡುವ ಅಗತ್ಯವಿಲ್ಲ, ಏಕೆಂದರೆ ಅವರೇ ಎಂದೂ ಮುಚ್ಚಿಟ್ಟವರಲ್ಲ.

ಎರಡು ಸಾವಿರದ ಇಸವಿಯಲ್ಲಿ ಅವರು ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಬಂದರು. ಅಲ್ಲಿ ಅವರ ಶಾಲೆಗೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಸಪನಾ ಎಂಬಾಕೆ ಹೋಳಿ ಹುಣ್ಣಿಮೆ ದಾಟಿತೆಂದರೆ ದಿನಾ ತಡ. ಏರಿನ ಮೇಲಿನ ಓಣಿಯವಳು, ಮೇಲಿನ ಬಾವಿ ಬತ್ತಿದ ಮೇಲೆ ಇಳಿಜಾರಿನ ಬುಡದ ಬಾವಿಯಿಂದ ನೀರು ಹೊತ್ತು ಮನೆಗೆ ಒಯ್ದಿಟ್ಟು ಬರಬೇಕು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವುದು ಆಗಿನ ರೂಢಿ. ಬಾಯಾರು ಮೊದಲ ಪೀರಿಯಡನ್ನು ತಮಗೆ ಕೇಳಿ ಪಡೆದುಕೊಂಡು, ನೀರಿನ ಕೊಡವನ್ನು ಸೀದಾ ತರಗತಿಗೇ ತರಲು ಹೆಣ್ಣುಮಕ್ಕಳಿಗೆ ಹೇಳಿದರು. ಗೋಡೆಯ ಬದಿಗೆ ಕೊಡಗಳು ಸಾಲಾಗಿ ಕೂತವು. ಒಂದೇ ಊರಿನಲ್ಲಿ ಮೇಲಿನ ಬಾವಿ ಬತ್ತಿ ಕೆಳಗಿನದು ತುಂಬಿರುವುದೇಕೆ ಎಂಬುದೇ ಆ ವಾರದ ಪಾಠವಾಯಿತು. ಕೊಡ ಹೊತ್ತವರಿಗೆ ಆ ಪಾಠ ತಲೆಗೆ ಹತ್ತದಿರಲು ಸಾಧ್ಯವೇ ಇರಲಿಲ್ಲ. ಸಪನಾ ಈಗ ಸ್ವತಃ ಶಿಕ್ಷಕಿ, ಈ ಗ್ರಂಥದಲ್ಲಿ ಅವಳ ಲೇಖನವೂ ಇದೆ.

ಎರಡು ಸಾವಿರದ ನಾಲ್ಕರಲ್ಲಿ ಬಾಯಾರಿಗೆ ಹೊಳೆಮಾಳಕ್ಕೆ ವರ್ಗವಾಯಿತು. ಶಿರಗುಪ್ಪಿಯಲ್ಲಿ ಬಾಡಿಗೆ ಮನೆ ಮಾಡಿದರು. ಶಿರಗುಪ್ಪಿ ರಸ್ತೆಯಲ್ಲಿ ಬಸ್ಸು ಇಳಿದು, ಹಳ್ಳದ ಮೇಲಿನ ಗಿಡ್ಡ ಸೇತುವೆ ದಾಟಿ, ಕಬ್ಬಿನ ಹೊಲಗಳ ನಡುವೆ ನಡೆದರೆ ಊರು ಸಿಗುತ್ತದೆ. ಊರಿನ ಮುಂದೆ ಕೃಷ್ಣೆ. ಊರಿನ ಒಂದು ಮಗ್ಗುಲಿಗೆ, ಹೊಳೆಯ ದಂಡೆಗೇ ಅಂಟಿಕೊಂಡಂತೆ, ಬನ್ನಿ ಗಿಡಗಳಿರುವ ಒಂದು ಉಸುಕಿನ ದಿಬ್ಬ. ಊರಿನ ಹಿಂದೆ ಕಪ್ಪು ಮಣ್ಣಿನ ವಿಶಾಲ ಹೊಲಗಳು, ಅವುಗಳನ್ನು ಬಳಸಿಕೊಂಡು ಬಂದು ಊರಿನ ಕೆಳಗೆ ಹೊಳೆಯನ್ನು ಕೂಡುವ ಹಳ್ಳ. ಇಷ್ಟನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಹೊಸ ಊರಿನಲ್ಲಿ ಬಾಯಾರಿಗೆ ಮೊದಲು ಮನಸ್ಸು ಕೊಟ್ಟವರು ಅಕ್ಕವ್ವನವರು. ಕಬ್ಬಿನ ಹೊಲಗಳುಳ್ಳ ಮುರಗೆಪ್ಪನವರ ಪತ್ನಿ, ತಲೆಮಾರುಗಳಿಂದ ಅಲ್ಲೇ ನೆಲೆ ನಿಂತ ಮನೆತನದ ಹಿರಿಯಾಕೆ, ಎಮ್ಮೆಗಳೆಂದರೆ ಜೀವ. ಅವರಿಗೆ ಅಕ್ಷರ ಬಾರದು, ಕೇಳುವ ಹುರುಪು ಮಾತ್ರ ಹತ್ತು ಮಂದಿಗಾಗುವಷ್ಟು. ಮೊಮ್ಮಗುವಿಗೆ ಜ್ವರ ಬಂದರೆ, ಎಮ್ಮೆ ಮೇವು ಬಿಟ್ಟರೆ, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದರೆ ಶಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದರು. "ಬಾಯಾರ, ಒಂದೀಟು ಹೇಳ್ರಿ" ಎಂಬುದು ಅವರ ಪಲ್ಲವಿ. ಅಷ್ಟು ದೊಡ್ಡ ಮನೆತನದಾಕೆ ದಲಿತರಾದ ಕಾಂಬಳೆಯವರ ಹೆಣ್ಣುಮಗಳ ಮುಂದೆ ನಿಂತು ಬುದ್ಧಿ ಕೇಳುವುದನ್ನು ಕಂಡು ಊರಿನಲ್ಲಿ ನಾಲ್ಕು ಜನ ಮೂಗು ಮುರಿದದ್ದೂ ಉಂಟು. ಅಕ್ಕವ್ವನವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಾಯಾರೂ ಅವರನ್ನು ಮನೆಯ ಅತ್ತಿಗೆಯೆಂಬಂತೆ 'ವೈನಿ' ಎಂದೇ ಕರೆಯುತ್ತಿದ್ದರು. ಬಾಯಾರಿಗೆ ಆ ಕೇಳುವಿಕೆ ಎಷ್ಟು ದೊಡ್ಡ ಗೌರವವೆನಿಸಿತ್ತೆಂದರೆ, ಗೊತ್ತಿಲ್ಲದ್ದನ್ನೂ ರಾತ್ರಿ ಓದಿಕೊಂಡು ಬಂದು ಮರುದಿನ ಹೇಳುತ್ತಿದ್ದರು.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಹೊಳೆ ಏರಿತು. ನಮ್ಮಲ್ಲಿ ಮೋಡ ಹರಿದು ಬಿಸಿಲು ಬಿದ್ದ ದಿನವೂ ಕೃಷ್ಣೆ ಏರುವುದುಂಟು, ಏಕೆಂದರೆ ಅವಳ ಮಳೆ ಬೀಳುವುದು ಬೇರೆಯವರ ಘಟ್ಟದಲ್ಲಿ. ಅಂಥ ನೆರೆ ಕಂಡು ಒಂದು ತಲೆಮಾರೇ ಕಳೆದಿತ್ತು. ಊರು ಬಿಟ್ಟು ಶಿರಗುಪ್ಪಿಗೆ ಹೋಗಿರೆಂದು ಡಂಗುರ ಸಾರಿದ ಮೇಲೆ ಟ್ರ್ಯಾಕ್ಟರುಗಳು ಸಿದ್ಧವಾದವು. ಜನರಿಗೆ ಜಾಗವಿತ್ತು, ದನಗಳಿಗೆ ಇರಲಿಲ್ಲ. ಅಕ್ಕವ್ವನವರು ಎರಡು ಎಮ್ಮೆಗಳ ಹಗ್ಗ ಹಿಡಿದು ಬಾಯಾರ ಬಳಿಗೆ ಬಂದರು.

"ಬಾಯಾರ, ಇವನ್ನ ಎಲ್ಲಿ ಕಟ್ಟೂನ್ರಿ? ನೀವಽ ಹೇಳ್ರಿ."

ಬಾಯಾರು ಸುತ್ತ ನೋಡಿದರು. ಮುಂದೆ ಹೊಳೆ ಅಬ್ಬರಿಸುತ್ತಿತ್ತು. ಹಿಂದೆ ಮುರಗೆಪ್ಪನವರ ಹೊಲದ ಕಬ್ಬು ಆಳೆತ್ತರ ಮೀರಿ ನಿಂತಿತ್ತು, ನಡುವೆ ತಗಡಿನ ಶೆಡ್ಡು. "ಹೊಳಿಯಿಂದ ದೂರ ಆದಷ್ಟೂ ಚಲೋ ವೈನಿ. ನಿಮ್ಮ ಹೊಲದ ಶೆಡ್ಡಿನ್ಯಾಗ ಕಟ್ರಿ. ನೋಡ್ರಿ, ಆ ಕಡೆ ಎಷ್ಟು ಎತ್ತರ ಕಾಣತೈತಿ" ಎಂದರು. ಅಲ್ಲಿದ್ದ ಹಿರಿಯರಿಗೂ ಆ ಮಾತು ಸರಿಯೆನಿಸಿತು. ಅಕ್ಕವ್ವನವರು ಎಮ್ಮೆಗಳನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಕಟ್ಟಿ, ಮೇವು ಹಾಕಿ, ಟ್ರ್ಯಾಕ್ಟರು ಹತ್ತಿದರು.

ನೀರು ಹೊಳೆಯ ಕಡೆಯಿಂದ ಬರಲೇ ಇಲ್ಲ. ತುಂಬಿದ ಕೃಷ್ಣೆ ಹಳ್ಳದ ಬಾಯಿ ಕಟ್ಟಿತು, ಹರಿಯಲು ದಾರಿ ಇಲ್ಲದ ಹಳ್ಳ ಹಿಮ್ಮುಖವಾಗಿ ಏರಿ ಊರಿನ ಹಿಂದಿನ ಹೊಲಗಳನ್ನು ಮೊದಲು ನುಂಗಿತು. ಇಳಿದ ನೀರಿನ ಮೇಲೆ ಮೊದಲ ದೋಣಿಯಲ್ಲಿ ಹೋದವರಿಗೆ ಶೆಡ್ಡಿನಲ್ಲಿ ಕಂಡದ್ದನ್ನು ಇಲ್ಲಿ ವಿವರಿಸುವುದು ಬೇಡ. ಹಗ್ಗ ಬಿಚ್ಚಿದ್ದರೆ ಈಜಿಯಾದರೂ ಬದುಕುತ್ತಿದ್ದವು. ಎಲ್ಲರೂ ಹೊಳೆಯ ಪಾಲಾಯಿತೆಂದುಕೊಂಡಿದ್ದ ಬನ್ನಿ ದಿಬ್ಬ ಮಾತ್ರ ಬೆನ್ನು ಮೇಲಿಟ್ಟುಕೊಂಡು ನಿಂತಿತ್ತು. ಅದರ ಮೇಲೆ ಉಸುಕು ಹೊರುವ ಲಗಮಪ್ಪ ಅವಸರದಲ್ಲಿ ಕಟ್ಟದೆಯೇ ಬಿಟ್ಟುಹೋಗಿದ್ದ ಕತ್ತೆಗಳು, ಏನೂ ಆಗದವರಂತೆ ಹುಲ್ಲು ಮೇಯುತ್ತಿದ್ದವು.

ಬಾಯಾರು ಅಕ್ಕವ್ವನವರ ಮನೆಗೆ ಹೋದರು. ಗೋಡೆ ಕುಸಿದ ಪಡಸಾಲೆಯಲ್ಲಿ ಅಕ್ಕವ್ವನವರು ಕೆಸರು ಬಳಿದು ಹೊರಗೆ ಹಾಕುತ್ತಿದ್ದರು. ಬಾಯಾರು ಕೈಮುಗಿದು, "ನನ್ನ ಮಾತು ಕೇಳಿ ನಿಮಗ ಹಿಂಗಾತು ವೈನಿ" ಎಂದು ಅತ್ತುಬಿಟ್ಟರು. ಅಕ್ಕವ್ವನವರು ಬೈಯಲಿಲ್ಲ, ಕೂಗಾಡಲಿಲ್ಲ. ಕುಡಿಯಲು ನೀರು ಕೊಟ್ಟು, ತಣ್ಣಗೆ ಒಂದು ಮಾತು ಹೇಳಿದರು.

"ಎಮ್ಮಿ ಹ್ವಾದ್ದಕ್ಕ ನಿಮಗ ಏನೂ ಅನ್ನೂದಿಲ್ರಿ ಬಾಯಾರ. ನೀವೇನ ಬೇಕಂತ ಹೇಳಿದ್ರೇನು? ಆದ್ರ ಇನ್ನಮುಂದ ನನಗ ಏನೂ ಹೇಳಬ್ಯಾಡ್ರಿ."

ಬೈದಿದ್ದರೆ ಬಾಯಾರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಈ ಮಾತು ಹೊಟ್ಟೆಗೆ ಇಳಿಯಲಿಲ್ಲ. ಅಂದಿನಿಂದ ಅಕ್ಕವ್ವನವರು ಶಾಲೆಯ ಗೇಟಿಗೆ ಬರುವುದು ನಿಂತಿತು. ದಾರಿಯಲ್ಲಿ ಸಿಕ್ಕರೆ "ಆರಾಮ ಅದೀರೇನ್ರಿ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಬಾಯಾರೂ ಅವರ ಮಾತನ್ನು ಅಕ್ಷರಶಃ ಪಾಲಿಸಿದರು. ಅಕ್ಕವ್ವನವರಿಗೆ ಏನನ್ನೂ ಹೇಳಲಿಲ್ಲ.

ಆ ವರ್ಷ ಕಬ್ಬು ಕಡಿದು ಹೊಲಗಳು ಬಯಲಾದಾಗ ಬಾಯಾರು ಒಬ್ಬರೇ ಊರಿನ ಹಿಂದೆ ಅಡ್ಡಾಡಿದರು. ತಾವು ಎಡವಿದ್ದು ಎಲ್ಲಿ ಎಂಬುದು ಅವರಿಗೆ ಅಲ್ಲಿ ತಿಳಿಯಿತು. ನೀರು ನಿಲ್ಲುವ ತಗ್ಗಿನ ಕಪ್ಪು ಮಣ್ಣಿನಲ್ಲಿ ಕಬ್ಬು ಸೊಕ್ಕಿ ಎತ್ತರ ಬೆಳೆಯುತ್ತದೆ. ಏರಿನ ಉಸುಕು ಮಣ್ಣಿನಲ್ಲಿ ಗಿಡ್ಡಗೆ ಉಳಿಯುತ್ತದೆ. ದೂರದಿಂದ ಕಬ್ಬಿನ ತಲೆ ನೋಡಿದವನಿಗೆ ತಗ್ಗೇ ಎತ್ತರವಾಗಿ, ಎತ್ತರವೇ ತಗ್ಗಾಗಿ ಕಾಣುತ್ತದೆ. ವರುಷದ ಬಹುಪಾಲು ಕಬ್ಬಿನಿಂದ ಮುಚ್ಚಿದ ನಾಡಿನಲ್ಲಿ ನೆಲ ಹೇಗಿದೆಯೆಂಬುದನ್ನು ಹುಟ್ಟಿ ಬೆಳೆದವರೂ ಮರೆತಿರುತ್ತಾರೆ. ಇನ್ನು ಹೊಳೆಯ ವಿಷಯ. ನೆರೆ ಬಂದಾಗಲೆಲ್ಲ ಹೊಳೆ ತನ್ನ ಉಸುಕನ್ನು ಮೊದಲು ದಂಡೆಯಲ್ಲೇ ಚೆಲ್ಲುತ್ತದೆ, ಹಾಗೆ ಚೆಲ್ಲಿ ಚೆಲ್ಲಿ ದಂಡೆಯನ್ನೇ ಏರಿಸಿಕೊಂಡಿರುತ್ತದೆ. ಹೊಳೆಯಿಂದ ದೂರ ಹೋದವನು ಹೊಳೆಮಾಳದಲ್ಲಿ ಕೆಳಗಿಳಿಯುತ್ತಾನೆ. ಮರಡಿ ನೆಲದಲ್ಲಿ ಬೆಳೆದ ಬಾಯಾರಿಗೆ ಇದು ಹೊಳೆದಿರಲಿಲ್ಲ, ಪುಸ್ತಕದಲ್ಲಿ ಓದಿದ್ದರೂ ಅದು ತಮ್ಮ ಊರಿನ ಮಾತೆಂದು ಅನಿಸಿರಲಿಲ್ಲ.

ಮಣ್ಣಿನ ನಕಾಶೆ ಶುರುವಾದದ್ದು ಹೀಗೆ. ಪ್ರತಿವರ್ಷ ಕಬ್ಬು ಕಡಿದ ಮೇಲೆ ಒಂಬತ್ತನೆಯ ತರಗತಿಯನ್ನು ಕಟ್ಟಿಕೊಂಡು, ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪು ಹಿಡಿದು, ಹೊಲದಿಂದ ಹೊಲಕ್ಕೆ ಏರುತಗ್ಗು ನೋಡುತ್ತ ನಡೆಯುವರು. ಮರಳಿ ಬಂದು ಶಾಲೆಯ ಹಿಂದಿನ ಅಂಗಳದಲ್ಲಿ ಊರಿಗೆ ಊರನ್ನೇ ಮಣ್ಣಿನಲ್ಲಿ ಕಟ್ಟಿಸುವರು. ಹೊಳೆ, ಹಳ್ಳ, ದಿಬ್ಬ, ಓಣಿಗಳು ಎಲ್ಲವೂ ಅಲ್ಲಿ ಇರಬೇಕು. ಜೀವಗಳಿಲ್ಲದೆ ಭೂಗೋಳ ಇಲ್ಲ ಎಂಬುದು ಅವರ ಹಟ, ಹಾಗಾಗಿ ಕುರಿಗಳಿಗೆ ಕಡಲೆಕಾಳು, ಎಮ್ಮೆಗಳಿಗೆ ಹುಣಸೆ ಬೀಜ, ಮನುಷ್ಯರಿಗೆ ಜೋಳ. ಕೊನೆಗೆ ಹೊಳೆಯ ಕೆಳಬಾಯಿಯನ್ನು ಕಟ್ಟಿ, ಕೊಡದಿಂದ ನಿಧಾನವಾಗಿ ನೀರು ಬಿಡುವರು. ನೀರು ಊರಿನ ಮುಂದೆ ಸುಮ್ಮನೆ ನಿಂತಂತಿದ್ದು, ಹಳ್ಳದಗುಂಟ ಹಿಂದಿನಿಂದ ಬಂದು ಹುಣಸೆ ಬೀಜಗಳನ್ನು ಮುಳುಗಿಸುವುದನ್ನು ನೋಡಿ ಮಕ್ಕಳು ಕಿರುಚುವರು. ಮಳೆಗಾಲದಲ್ಲಿ ನಕಾಶೆ ಕರಗಿಹೋಗುವುದು, ಮರುವರ್ಷ ಮತ್ತೆ ಕಟ್ಟುವುದು.

ನಾವು ಸಹೋದ್ಯೋಗಿಗಳು ಅವರನ್ನು ಗೇಲಿ ಮಾಡದೆ ಬಿಟ್ಟವರಲ್ಲ. "ಬಾಯಾರ, ಸಿಮೆಂಟಿಂದ ಒಮ್ಮೆ ಕಟ್ಟಿಸಿಬಿಡ್ರಿ, ವರ್ಸಾ ವರ್ಸಾ ಈ ಕೆಸರಾಟ ಯಾಕ?" ಎಂದು ಮುಖ್ಯಗುರುಗಳಾದ ಅಣ್ಣಾಸಾಬರು ರೇಗಿಸುತ್ತಿದ್ದರು. "ಸಿಮೆಂಟಿನ್ಯಾಗ ಕಟ್ಟಿದ್ರ ನೋಡೂದಷ್ಟ ಆಗತೈತ್ರಿ ಸರ್. ಕೈಯಿಂದ ಕಟ್ಟಿದವ್ರಿಗೆ ಅಷ್ಟ ನೆನಪಿರತೈತಿ" ಎಂಬುದು ಅವರ ಉತ್ತರ. ಪ್ರತಿವರ್ಷ ಹೊಸ ತರಗತಿಗೆ ಅವರ ಮೊದಲ ಪಾಠದ ಮೊದಲ ವಾಕ್ಯ ಒಂದೇ ಆಗಿತ್ತು: "ನಾನು ಒಮ್ಮೆ ಹೊಳೆಯನ್ನು ನೋಡುತ್ತ ನಿಂತು ಎರಡು ಎಮ್ಮೆಗಳನ್ನು ಕೊಂದಿದ್ದೇನೆ. ನೀವು ಹೊಳೆಯನ್ನು ನೋಡಬೇಡಿ, ಹಳ್ಳವನ್ನು ನೋಡಿ." ಮಳೆಗಾಲ ಬಂತೆಂದರೆ ಪ್ರಾರ್ಥನೆ ಮುಗಿದ ಮೇಲೆ, ವಾರ್ತೆ ಓದುವ ಮೊದಲು, ಹಳ್ಳ ದಾಟಿ ಬಂದ ಮಕ್ಕಳಲ್ಲೊಬ್ಬರು ಹಲಗೆಯ ಮೇಲೆ ಹಳ್ಳದ ಸುದ್ದಿ ಬರೆಯಬೇಕು. 'ಹಳ್ಳ ಹರಿಯುತ್ತಿದೆ' ಎಂದು ವರ್ಷಗಟ್ಟಲೆ ಬರೆದರು. 'ಹಳ್ಳ ನಿಂತಿದೆ' ಎಂದು ಬರೆಯುವ ಪ್ರಸಂಗ ಬರಲೇ ಇಲ್ಲ, ಆದರೆ ಹಾಗೆ ಬರೆಯಬೇಕಾದರೆ ಅದರ ಅರ್ಥವೇನೆಂದು ಮಕ್ಕಳಿಗೆಲ್ಲ ಗೊತ್ತಿತ್ತು.

ಎರಡು ಸಾವಿರದ ಹದಿಮೂರರಲ್ಲಿ ಅಕ್ಕವ್ವನವರ ಮೊಮ್ಮಗಳು ಪ್ರಾಜಕ್ತಾ ಒಂಬತ್ತನೆಯ ತರಗತಿಗೆ ಬಂದಳು. ನೀರು ಬಿಡುವ ದಿನ ಅವಳನ್ನು ಯಾವುದೋ ಮದುವೆಗೆ ಕರೆದೊಯ್ಯಲು ಅಕ್ಕವ್ವನವರು ಶಾಲೆಗೆ ಬರಬೇಕಾಯಿತು. ಮೊಮ್ಮಗಳು ಕೈತುಂಬ ಕೆಸರು ಮಾಡಿಕೊಂಡು, "ಅಜ್ಜಿ, ಇದು ನಮ್ಮ ಹೊಲ ನೋಡು" ಎಂದು ಕೈ ಹಿಡಿದು ಎಳೆದಳು. ಅಜ್ಜಿ ನೋಡಿದರು. ಬಾಯಾರು ಕೊಡ ಹಿಡಿದು ನಿಂತಿದ್ದರು.

"ಶೆಡ್ ಅಲ್ಲಿಲ್ಲ. ಇನ್ನೀಟು ಹಳ್ಳದ ಕಡೆ ಐತಿ" ಎಂದರು ಅಕ್ಕವ್ವನವರು, ಮೊಮ್ಮಗಳಿಗೆ.

ಬಾಯಾರು ಪ್ರಾಜಕ್ತಾಳ ಕಡೆಗೇ ತಿರುಗಿ, "ಅಜ್ಜಿ ಹೇಳಿದಲ್ಲಿ ಇಡು" ಎಂದರು. ಇಬ್ಬರು ಹಿರಿಯರೂ ಒಂದು ಮಗುವನ್ನು ನಡುವೆ ನಿಲ್ಲಿಸಿಕೊಂಡು ಮಾತಾಡಿದ ಆ ವೈಖರಿ ಕಂಡು ಕಿಟಕಿಯಲ್ಲಿದ್ದ ನಮಗೆ ನಗು ಬಂತು, ಮರುಗಳಿಗೆಗೆ ನಗು ನಿಂತೂ ಹೋಯಿತು. ನೀರು ಹಳ್ಳದಗುಂಟ ಏರಿ ಬಂದು ಶೆಡ್ಡಿನ ಬಳಿಯ ಹುಣಸೆ ಬೀಜಗಳನ್ನು ಮುಚ್ಚಿತು. ಅಕ್ಕವ್ವನವರು ಬಗ್ಗಿ, ಸೀರೆಯ ಅಂಚು ಒದ್ದೆಯಾದದ್ದನ್ನೂ ಗಮನಿಸದೆ, ಆ ಬೀಜಗಳನ್ನು ನೀರಿನಿಂದ ಆರಿಸಿ ತೆಗೆದು ಬನ್ನಿ ದಿಬ್ಬದ ಮೇಲೆ ಇಟ್ಟರು. ಮೊಮ್ಮಗಳ ಕೈ ತೊಳೆಸಿ ಕರೆದುಕೊಂಡು ಹೋದರು. ಆ ಸಂಜೆ ಬಾಯಾರು ನಮಗೆಲ್ಲ ಚಹಾ ಕುಡಿಸಿದರು.

ಕಳೆದ ಜುಲೈ ತಿಂಗಳಲ್ಲಿ ಸಂಪಾದಕರಿಗೆ ಕಳಿಸಿದ ಲೇಖನ ಇಲ್ಲಿಗೆ ಮುಗಿದು, ರೂಢಿಯ ಹಾರೈಕೆಯ ನಾಲ್ಕು ಸಾಲುಗಳಿದ್ದವು. ಶ್ರಾವಣದಲ್ಲಿ ಸಮಾರಂಭವೆಂದು ನಿಶ್ಚಯವಾಗಿತ್ತು. ಆಗಸ್ಟಿನ ಮೊದಲ ವಾರ ಕೃಷ್ಣೆ ಬಂದು ಸಮಾರಂಭವನ್ನು ಮುಂದೂಡಿದಳು, ಈ ಲೇಖನವನ್ನೂ ತಿದ್ದಿ ಬರೆಸಿದಳು.

ಆ ದಿನ ಬೆಳಿಗ್ಗೆ ಬಾಯಾರು ಹೊಳೆಮಾಳಕ್ಕೆ ಹೊರಟದ್ದು ತಮ್ಮನ್ನು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡುವುದು ಬೇಡವೆಂದು ಅಣ್ಣಾಸಾಬರೊಡನೆ ಜಗಳವಾಡಲು. ಸೇತುವೆಯ ಮೇಲೆ ಬಂದಾಗ ಅಭ್ಯಾಸದ ಪ್ರಕಾರ ಕೆಳಗೆ ಬಗ್ಗಿ ನೋಡಿದರು. ಕಬ್ಬಿನ ಒಣ ಗರಿಗಳ ರವದಿಯ ಒಂದು ಮುದ್ದೆ ಹೊಳೆಯ ಕಡೆಯಿಂದ ಮೇಲ್ಮುಖವಾಗಿ ತೇಲಿ ಬರುತ್ತಿತ್ತು. ಬಾಯಾರು ಅರವತ್ತರ ವಯಸ್ಸನ್ನು ಮರೆತು ಊರಿನ ಕಡೆಗೆ ಓಡಿದರು.

ಊರ ಜನ ಹೊಳೆಯ ಮೆಟ್ಟಿಲ ಮೇಲೆ ಸೇರಿದ್ದರು. ಹೆಂಗಸರು ಕೃಷ್ಣೆಗೆ ಅರಿಸಿನ ಕುಂಕುಮ ಬಿಡುತ್ತಿದ್ದರು, ಹುಡುಗರು ಮೊಬೈಲು ಹಿಡಿದಿದ್ದರು. "ಇನ್ನೂ ಮೆಟ್ಟಿಲ ಉಳದಾವ್ರಿ ಬಾಯಾರ, ಸಂಜೀಮಟಾ ಚಿಂತಿಲ್ಲ" ಎಂದ ಒಬ್ಬ ಹಿರಿಯ. ಬಾಯಾರು ಏದುಸಿರು ಬಿಡುತ್ತ ಕೂಗಿದ್ದು ಎರಡೇ ಮಾತು: "ಹಳ್ಳ ನಿಂತೈತಿ!"

ಗುಂಪಿನಲ್ಲಿ ಅವರ ಕೈಕೆಳಗೆ ಕಲಿತವರು ಎಷ್ಟಿದ್ದರೋ, ಎಲ್ಲರೂ ಒಮ್ಮೆಲೇ ಹೊಳೆಗೆ ಬೆನ್ನು ಮಾಡಿದರು. ಯಾರಿಗೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಟ್ರ್ಯಾಕ್ಟರುಗಳು ಹೊರಟವು, ಮುದುಕರನ್ನೂ ಮಕ್ಕಳನ್ನೂ ಹೊತ್ತು ಹತ್ತಿಸಿದರು, ಸೇತುವೆಯ ಮೇಲೆ ಮೊಣಕಾಲುದ್ದ ನೀರು ಬರುವುದರೊಳಗೆ ಹೆಚ್ಚುಕಡಿಮೆ ಇಡೀ ಊರು ದಾಟಿತು. ದನಗಳು ಮಾತ್ರ ಆ ನೀರಿಗೆ ಇಳಿಯಲೊಲ್ಲವು.

ಊರಿನ ಕೊನೆಗೆ ದಾರಿ ಎರಡಾಗುವಲ್ಲಿ ಅಕ್ಕವ್ವನವರು ಎಮ್ಮೆಗಳನ್ನು ಹಿಡಿದು ನಿಂತಿದ್ದರು. ಒಂದು ದಾರಿ ಹಿಂದಿನ ಹೊಲಕ್ಕೆ, ಇನ್ನೊಂದು ಬನ್ನಿ ದಿಬ್ಬಕ್ಕೆ. ಕೊನೆಯ ಟ್ರ್ಯಾಕ್ಟರಿನ ಮೇಲೆ ಮಕ್ಕಳು ಎತ್ತಿ ಕೂಡಿಸಿದ್ದ ಮುರಗೆಪ್ಪನವರು, "ಶೆಡ್ಡಿಗೆ ಹೊಡಿ! ಈ ಸಲ ಕಲ್ಲಿನ ಕಟ್ಟಿ ಕಟ್ಟೇನಿ, ಏನೂ ಆಗೂದಿಲ್ಲ!" ಎಂದು ಕೂಗುತ್ತಿದ್ದರು. ಬಾಯಾರು ಅಲ್ಲಿಗೆ ಬಂದು ತಲುಪಿದರು. ಬಾಯಿ ತೆರೆದರು. ಹದಿನಾಲ್ಕು ವರ್ಷ ಬಿಗಿದುಕೊಂಡಿದ್ದ ಬಾಯಿ, ಮಾತು ಹೊರಡಲಿಲ್ಲ.

"ಯಾಕ ಸುಮ್ನ ನಿಂತೀರಿ ಬಾಯಾರ?" ಅಕ್ಕವ್ವನವರೇ ಕೇಳಿದರು.

"ನೀವಽ ಏನೂ ಹೇಳಬ್ಯಾಡ ಅಂದಿದ್ರಲ್ರಿ ವೈನಿ."

"ಅಂದಿದ್ದೆ. ಈಗ ನಾನಽ ಕೇಳಾಕತ್ತೇನಿ. ಎಲ್ಲಿಗೆ ಹೊಡೀಲಿ? ಹೇಳ್ರಿ."

"ಹೊಳಿ ಕಡೆ. ಬನ್ನಿ ದಿಬ್ಬಕ್ಕ. ಕಟ್ಟಬ್ಯಾಡ್ರಿ, ಹಗ್ಗ ಬಿಚ್ಚಿ ಬಿಡ್ರಿ."

"ಹೊಳಿ ಕಡೆ?" ಮುರಗೆಪ್ಪನವರು ಟ್ರ್ಯಾಕ್ಟರಿನ ಮೇಲಿಂದಲೇ ರೇಗಿ ಕೂಗಿದರು. "ತಲಿ ಕೆಟ್ಟೈತೇನ್ರಿ ಬಾಯಾರ? ಹೋದ ಸಲದ್ದು ಸಾಲಲಿಲ್ಲೇನು?"

ಎದುರಿಗೆ ಕೃಷ್ಣೆ ಮರಗಳನ್ನೇ ಉರುಳಿಸಿಕೊಂಡು ಹೋಗುತ್ತಿದ್ದಳು. ಆ ಕಡೆಗೆ ದನ ಹೊಡೆಯಿರಿ ಎಂದು ಹೇಳಲು ಎಷ್ಟು ಧೈರ್ಯ ಬೇಕೋ, ಆ ಮಾತು ಕೇಳಿ ಹೊಡೆಯಲು ಅದಕ್ಕಿಂತ ಹೆಚ್ಚಿನದು ಬೇಕು. ಅಕ್ಕವ್ವನವರು ಒಮ್ಮೆ ಹೊಳೆಯನ್ನು ನೋಡಿದರು, ಒಮ್ಮೆ ಬಾಯಾರ ಮುಖವನ್ನು ನೋಡಿದರು.

"ನಾ ಹುಣಸಿ ಬೀಜ ಇಟ್ಟಿದ್ದೂ ಅಲ್ಲೇ" ಎಂದು ಯಜಮಾನರಿಗೆ ಹೇಳಿ, ಎಮ್ಮೆಗಳನ್ನು ಹೊಳೆಯ ಕಡೆಗೆ ತಿರುಗಿಸಿದರು.

ಟ್ರ್ಯಾಕ್ಟರು ಬೈಗುಳಗಳೊಂದಿಗೆ ಹೊರಟುಹೋಯಿತು. ಬಾಯಾರು ಅದನ್ನು ಹತ್ತಲಿಲ್ಲ. ದಿಬ್ಬದ ಮೇಲೆ ಇಬ್ಬರೂ ಸೇರಿ ಹಗ್ಗಗಳನ್ನು ಬಿಚ್ಚಿದರು. ಲಗಮಪ್ಪನ ಕತ್ತೆಗಳು ಆಗಲೇ ಅಲ್ಲಿದ್ದವು, ಯಾರೂ ಹೊಡೆದು ತಂದಿರಲಿಲ್ಲ. ಬನ್ನಿ ಗಿಡದ ಬುಡದಲ್ಲಿ ಎರಡು ಹಾವುಗಳೂ ಬಂದು ಕೂತಿದ್ದವು, ಅವಕ್ಕೂ ಅಂದು ಯಾರ ಮೇಲೂ ಸಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಹೊಲಗಳಲ್ಲಿ ನೀರು ಹರಡಿತು. ಕಬ್ಬಿನ ಸುಳಿಗಳು ಮುಳುಗಿದವು. ಶೆಡ್ಡಿನ ತಗಡು ಸ್ವಲ್ಪ ಹೊತ್ತು ಮಿಂಚುತ್ತಿದ್ದು ಆಮೇಲೆ ಕಾಣದಾಯಿತು. ಅದು ಕಾಣದಾಗುವವರೆಗೂ ಅಕ್ಕವ್ವನವರು ಕಣ್ಣು ಕೀಳಲಿಲ್ಲ. ಆಮೇಲೆ ಪಕ್ಕಕ್ಕೆ ಕೈ ಚಾಚಿ ಬಾಯಾರ ಕೈಯನ್ನು ಹಿಡಿದುಕೊಂಡರು. ದೋಣಿ ಬರುವವರೆಗೆ ಬಿಡಲಿಲ್ಲವೆಂದು ದೋಣಿಯಲ್ಲಿ ಹೋದವರು ಹೇಳುತ್ತಾರೆ.

ದೋಣಿಯಲ್ಲಿ ಎಮ್ಮೆಗಳಿಗೆ ಜಾಗವಿರಲಿಲ್ಲ. ಶಿರಗುಪ್ಪಿಯ ಗಂಜಿಕೇಂದ್ರದಲ್ಲಿ ಅಕ್ಕವ್ವನವರಿಗಿಂತ ಬಾಯಾರದೇ ಕಳವಳ ಹೆಚ್ಚಾಗಿತ್ತು, ತಟ್ಟೆ ಮುಂದಿಟ್ಟರೆ ಅನ್ನ ಮುಟ್ಟುತ್ತಿರಲಿಲ್ಲ. ಎರಡನೆಯ ಸಲವೂ ತಪ್ಪಿದರೆ ತಾವು ಕಲಿಸಿದ್ದೆಲ್ಲ ಸುಳ್ಳೆಂದೇ ಅವರ ಭಾವನೆ. ಕೊನೆಗೆ ನೀರು ತಗ್ಗಿ ಮೊದಲ ದೋಣಿ ಹೋದಾಗ ಎಮ್ಮೆಗಳು ದಿಬ್ಬದ ಮೇಲೆ, ಎಲುಬು ಕಾಣುವಷ್ಟು ಸೊರಗಿ, ಆದರೂ ನಾಲ್ಕು ಕಾಲಿನ ಮೇಲೆ ನಿಂತಿದ್ದವು. ಅವುಗಳ ಜೊತೆಗಿದ್ದ ಒಂದು ಸಣ್ಣ ಕರು ಮಾತ್ರ ಸಿಗಲಿಲ್ಲ. ಬಾಯಾರು ಅದಕ್ಕಾಗಿ ಕಣ್ಣೊರೆಸಿಕೊಂಡರೆ, "ಇರ್ಲಿ ಬಿಡ್ರಿ, ಹೊಳಿ ದಂಡಿಗೆ ಇದ್ದ ಮ್ಯಾಲೆ ಅಷ್ಟು ಇದ್ದದ್ದಽ" ಎಂದು ಅಕ್ಕವ್ವನವರೇ ಸಮಾಧಾನ ಮಾಡಿದರು.

ಊರಿನಲ್ಲಿ ಬಿದ್ದ ಮನೆಗಳು ಇನ್ನೂ ಎದ್ದಿಲ್ಲ. ಶಾಲೆಯ ಅಂಗಳದಲ್ಲಿ ಮಣ್ಣಿನ ನಕಾಶೆ ಇದ್ದ ಜಾಗದಲ್ಲಿ ಮೊಣಕಾಲುದ್ದ ಹೊಸ ಮೆಕ್ಕಲು ಕೂತಿದೆ. ನಿವೃತ್ತರಾದವರು ಹಾಯಾಗಿ ಮನೆಯಲ್ಲಿರಬಹುದಿತ್ತು, ಆದರೆ ಬಾಯಾರು ಆ ಮೆಕ್ಕಲನ್ನು ಕೈಯಲ್ಲಿ ಹಿಡಿದು ನೋಡಿ, ಕಬ್ಬು ಕಡಿದ ಮೇಲೆ ಹೊಸದಾಗಿ ಮಟ್ಟ ನೋಡಬೇಕು, ನೆಲ ಬದಲಾಗಿದೆ ಎಂದು ಅಣ್ಣಾಸಾಬರಿಂದ ಆಗಲೇ ಒಪ್ಪಿಗೆ ಪಡೆದಿದ್ದಾರೆ. ಟ್ರ್ಯಾಕ್ಟರಿನ ಮೆರವಣಿಗೆಗೂ ಈಗ ಅವರ ಒಪ್ಪಿಗೆ ಸಿಕ್ಕಿದೆ. ಮುರಗೆಪ್ಪನವರೇ ಬಂದು ಕೇಳಿಕೊಂಡದ್ದರಿಂದ, ಅವರದೇ ಟ್ರ್ಯಾಕ್ಟರಾದ್ದರಿಂದ, ಇಲ್ಲವೆನ್ನಲಾಗಲಿಲ್ಲ.

ಇಂಥ ಲೇಖನದ ಕೊನೆಗೆ ಹಾರೈಕೆಯ ಮಾತು ಇರಬೇಕು. ಜುಲೈಯಲ್ಲಿ ಬರೆದಿದ್ದ ನಾಲ್ಕು ಸಾಲುಗಳು ಈಗ ನಮಗೇ ಸಪ್ಪೆಯೆನಿಸಿದ್ದರಿಂದ, ಏನು ಬರೆಯೋಣವೆಂದು ಅಕ್ಕವ್ವನವರನ್ನೇ ಕೇಳಿದೆವು. ಅವರು ಎಮ್ಮೆಯ ಮೈ ತೊಳೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳಿದ ಮಾತನ್ನು ಒಂದಕ್ಷರ ತಿದ್ದದೆ ಇಲ್ಲಿ ಕೊಡುತ್ತಿದ್ದೇವೆ. ನಮ್ಮೆಲ್ಲರ ಹಾರೈಕೆಯೂ ಅದೇ.

"ಬಾಯಾರಿಗೆ ಬಾಳ ಆಯುಷ್ಯ ಇರ್ಲಿ ಅಂತ ಬರೀರಿ. ನನಗ ಅವರಿಗೆ ಕೇಳೂದು ಇನ್ನೂ ಬಾಳ ಐತಿ."